ಗರಗಸ ಯಂತ್ರದ ಸೈಲೆನ್ಸರಿಗೆ ತೂತು ಕೊರೆದರೆ ಬಲ ಹೆಚ್ಚುವುದೆ?



ಬಳ್ಳಾರಿ ಜಾಲಿಯ ಕಾಟವನ್ನು ಅರಿಯದ ಊರು ನಮ್ಮ ಭಾಗದಲ್ಲಿಲ್ಲ. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆಯ ಕೆಳಗೆ ನೋಡಿರಿ, ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ನೋಡಿರಿ. ಹೊಲಗಾಲುವೆಯ ದಂಡೆ, ಹಳ್ಳದ ಮಗ್ಗುಲು, ಎರಡು ವರ್ಷ ಬೀಳು ಬಿಟ್ಟ ಹೊಲ, ಎಲ್ಲೆಲ್ಲಿಯೂ ಅದೇ ಕಂಟಿ. 1877ರ ಸುಮಾರಿಗೆ ಹೊರದೇಶದಿಂದ ನಮ್ಮ ದೇಶಕ್ಕೆ ತಂದ ಈ ಗಿಡವು ಈಗ ಬೇಡವೆಂದರೂ ಹೋಗುವುದಿಲ್ಲ. ಮೊದಲು ಕೊಡಲಿಯಿಂದ ನಾಲ್ಕು ಆಳು ಮಾಡುತ್ತಿದ್ದ ಕೆಲಸವನ್ನು ಈಗ ಪೆಟ್ರೋಲಿನ ಗರಗಸ ಯಂತ್ರ ಹಿಡಿದ ಒಬ್ಬನು ಮಾಡುತ್ತಾನೆ. ಹೊಲ ಹಸನು ಮಾಡಿಕೊಡುವ, ಕಟ್ಟಿಗೆ ಕೊಯ್ದುಕೊಡುವ, ಇದ್ದಲಿ ಸುಡುವವರಿಗೆ ತುಂಡು ಮಾಡಿಕೊಡುವ ದಂಧೆಯಿಂದಲೇ ಬಾಳುವೆ ನಡೆಸುವ ತರುಣರು ಊರಿಗೆ ಇಬ್ಬರು ಮೂವರಾದರೂ ಇದ್ದಾರೆ.

ಕಳೆದ ಬೇಸಿಗೆಯಲ್ಲಿ ದೇವದುರ್ಗ ತಾಲ್ಲೂಕಿನ ಒಂದು ಊರಿನ ಅಣ್ಣತಮ್ಮಂದಿರು ನನ್ನನ್ನು ಹೊಲದ ಬದುವಿನಲ್ಲಿ ನಿಲ್ಲಿಸಿ ಕೇಳಿದರು. ಸಾಲ ಮಾಡಿ ಕೊಂಡ ಯಂತ್ರ. ಎರಡನೆಯ ವರ್ಷಕ್ಕೇ ಅದರ ಬಲ ಕುಗ್ಗಿತ್ತು.

“ಸಾಹೇಬ್ರ, ಮಷೀನಿಗೆ ಉಸುರು ಕಟ್ಟಿದಂಗ ಆಗ್ಯಾದರಿ. ಸೈಲೆನ್ಸರಿಗೆ ಎರಡು ತೂತು ಹಾಕಿಸಿದ್ರ ಗಾಳಿ ಓಡಿದಂಗ ಓಡ್ತದಂತ. ಖರೇ ಏನ್ರಿ?”

ಡಿಪ್ಲೊಮಾ ಓದುವಾಗ ನಮಗೆ ಟ್ರ್ಯಾಕ್ಟರನ್ನೂ ಪಂಪ್‌ಸೆಟ್ಟನ್ನೂ ಬಿಚ್ಚಿ ತೋರಿಸಿದ್ದರು. ಈ ಯಂತ್ರವನ್ನು ಯಾರೂ ತೋರಿಸಿರಲಿಲ್ಲ. ಗೊತ್ತಿಲ್ಲವೆಂದು ಹೇಳಲು ನಾಚಿಕೆಯಾಗಿ, “ಹಾಕಿಸಿ ನೋಡ್ರಿ, ಏನಾಗ್ತದ?” ಎಂದುಬಿಟ್ಟೆ. ಒಬ್ಬ ಮೆಕ್ಯಾನಿಕ್ಕನು ತೂತು ಕೊರೆದುಕೊಟ್ಟನು. ಮೊದಲ ದಿನ ಯಂತ್ರ ಬೊಬ್ಬೆ ಹೊಡೆಯುತ್ತ ಓಡಿತು, ಹುಡುಗರು ಕುಣಿದಾಡಿದರು. ನಾಲ್ಕನೆಯ ದಿನ ಮಧ್ಯಾಹ್ನ ಬೊಡ್ಡೆಯ ನಡುವೆಯೇ ನಿಂತಿತು. ಹಗ್ಗ ಎಳೆದರೆ ಬರಲೊಲ್ಲದು. ಸೈಲೆನ್ಸರನ್ನು ಬಿಚ್ಚಿ ಬ್ಯಾಟರಿ ಹಚ್ಚಿ ಒಳಗೆ ನೋಡಿದಾಗ, ಹೊಗೆ ಹೊರಡುವ ಮಗ್ಗುಲಿಗೆ ಪಿಸ್ಟನ್ನಿನ ಮೈಯೆಲ್ಲ ಬೆಕ್ಕು ಪರಚಿದಂತೆ ಗೀರು ಬಿದ್ದಿತ್ತು. ರಾಯಚೂರಿಗೆ ಹೋಗಿ ಹೊಸ ಸಿಲಿಂಡರು ಪಿಸ್ಟನ್ನು ತರುವಷ್ಟರಲ್ಲಿ, ಕಾಲುವೆ ದಂಡೆಯ ಜಾಲಿ ಕಡಿಯಲು ಅವರು ಒಪ್ಪಿಕೊಂಡಿದ್ದ ಕೆಲಸ ಬೇರೆಯವರ ಪಾಲಾಯಿತು. ಸಾಲದ ಕಂತು ಮಾತ್ರ ಅವರ ಪಾಲಿಗೇ ಉಳಿಯಿತು.

ಆ ಮೇಲೆ ನಾನು ಯಂತ್ರದ ಜೊತೆಗೆ ಬರುವ ಕೈಪಿಡಿಯನ್ನು ಓದಿದೆ. ಬಲ್ಲವರ ಮಗ್ಗುಲಲ್ಲಿ ಕುಳಿತು ಎರಡು ಮೂರು ಯಂತ್ರಗಳನ್ನು ಬಿಚ್ಚಿ ಕಟ್ಟಿದೆ. ಮೊದಲೇ ಮಾಡಬೇಕಾಗಿದ್ದ ಕೆಲಸವಿದು. ತಿಳಿದುದನ್ನು ಇಲ್ಲಿ ಬರೆದಿದ್ದೇನೆ.

ಯಂತ್ರವು ಉಸಿರಾಡುವ ಬಗೆ

ಗರಗಸ ಯಂತ್ರದಲ್ಲಿರುವುದು ಎರಡು ಹೊಡೆತದ ಎಂಜಿನ್ನು, ಅಂದರೆ ಟೂ ಸ್ಟ್ರೋಕ್. ಬೆನ್ನಿಗೆ ಹೊತ್ತು ಔಷಧಿ ಹೊಡೆಯುವ ಪವರ್ ಸ್ಪ್ರೇಯರುಗಳಲ್ಲಿಯೂ ಬಹಳಷ್ಟು ಇದೇ ಜಾತಿಯವು. ಇದರಲ್ಲಿ ಟ್ರ್ಯಾಕ್ಟರಿನಂತೆ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿಯೇ ಕಿಂಡಿಗಳಿವೆ. ಪಿಸ್ಟನ್ನು ಕೆಳಗಿಳಿದಾಗ ಹೊಗೆಯ ಕಿಂಡಿ ತೆರೆದು ಸುಟ್ಟ ಹೊಗೆಯು ಸೈಲೆನ್ಸರಿಗೆ ನುಗ್ಗುತ್ತದೆ. ಅದರ ಬೆನ್ನಿಗೇ ಇನ್ನೊಂದು ಕಡೆಯ ಕಿಂಡಿಗಳಿಂದ ಗಾಳಿ, ಪೆಟ್ರೋಲು, ಆಯಿಲ್ಲು ಬೆರೆತ ಹೊಸ ಮಿಶ್ರಣವು ಒಳಬಂದು ಉಳಿದ ಹೊಗೆಯನ್ನು ತಳ್ಳುತ್ತದೆ. ಇದೆಲ್ಲವೂ ನಿಮಿಷಕ್ಕೆ 12 ಸಾವಿರಕ್ಕೂ ಮಿಕ್ಕಿದ ಸುತ್ತಿನಲ್ಲಿ ನಡೆಯಬಹುದು.

ಮಾನ್ವಿಯ ಭತ್ತದ ರೈತರಿಗೆ ಇದು ಹೊಸ ಸಂಗತಿಯಲ್ಲ. ಗದ್ದೆಯ ಹಳೆಯ ನೀರು ಬಸಿಯುವ ಕಾಲುವೆಯಲ್ಲಿ ಹೂಳು ತುಂಬಿದ್ದರೆ ಮೇಲಿನಿಂದ ಹೊಸ ನೀರು ಕೊಡಲು ಬರುವುದಿಲ್ಲ. ಸೈಲೆನ್ಸರಿನ ಬಾಯಿ ಕಟ್ಟಿದ್ದರೆ ಸುಟ್ಟ ಹೊಗೆಯು ಒಳಗೇ ಉಳಿದು ಹೊಸ ಮಿಶ್ರಣಕ್ಕೆ ಜಾಗವಿಲ್ಲದಂತಾಗುತ್ತದೆ, ಬಲ ಕುಗ್ಗುತ್ತದೆ. ಹಾಗೆಂದು ಬಸಿಗಾಲುವೆಯನ್ನು ಆಳುದ್ದ ಅಗೆದರೆ? ಕೊಟ್ಟ ಹೊಸ ನೀರೂ ಹಾಕಿದ ಗೊಬ್ಬರವೂ ಕೂಡಿಯೇ ಹರಿದುಹೋಗುತ್ತವೆ. ಸೈಲೆನ್ಸರನ್ನು ಪೂರಾ ತೆರೆದುಬಿಟ್ಟರೂ ಹೀಗೆಯೇ, ಸುಡದ ಪೆಟ್ರೋಲು ಹೊಗೆಯ ಕಿಂಡಿಯಿಂದ ಹೊರಬಿದ್ದು ವ್ಯರ್ಥವಾಗುತ್ತದೆ. ಸೈಲೆನ್ಸರು ಬರಿಯ ಸದ್ದಡಗಿಸುವ ಡಬ್ಬಿಯಲ್ಲವೆಂಬುದನ್ನು ಇಷ್ಟರಿಂದ ತಿಳಿಯಬಹುದು.

ಹಾಗಾದರೆ ತೂತಿನಿಂದ ಬಲ ಹೆಚ್ಚುವುದು ಸುಳ್ಳೆ? ಸುಳ್ಳಲ್ಲ. ಸದ್ದನ್ನು ಅಡಗಿಸಲೆಂದು ತಯಾರಕರು ಕೆಲವು ಯಂತ್ರಗಳ ಹೊಗೆಬಾಯಿಯನ್ನು ಬಹಳ ಕಿರಿದು ಮಾಡಿರುತ್ತಾರೆ. ಅಂಥವುಗಳಲ್ಲಿ ಅದನ್ನು ಹಿತಮಿತವಾಗಿ ಹಿಗ್ಗಿಸಿದರೆ ಎಂಜಿನ್ನು ಸರಾಗವಾಗಿ ಉಸಿರಾಡಿ ಸ್ವಲ್ಪ ಹೆಚ್ಚಿನ ಬಲ ಕೊಡುವುದು ನಿಜ. ಆದರೆ ಮೊದಲಿದ್ದ ಬಲ ಕುಗ್ಗಿದೆಯೆಂದು ತೂತು ಕೊರೆಯುವವನು ಈ ಕಾರಣಕ್ಕಾಗಿ ಕೊರೆಯುವುದಿಲ್ಲ. ಕೊಂಡಾಗ ಚೆನ್ನಾಗಿದ್ದ ಯಂತ್ರದ ಹೊಗೆಬಾಯಿ ತಾನಾಗಿ ಕಿರಿದಾಗುವುದು ಹೇಗೆ?

ಮಸಿಯಿಂದ.

ಮೊದಲು ಮಸಿ ತೆಗೆಯಿರಿ

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಆಯಿಲ್ಲು ಪೆಟ್ರೋಲಿನ ಜೊತೆಗೇ ಸುಡುತ್ತದೆ. ಅದರ ಮಸಿಯು ಹೊಗೆಯ ಕಿಂಡಿಯಲ್ಲಿಯೂ ಸೈಲೆನ್ಸರಿನ ಬಾಯಿಗೆ ಹಾಕಿದ ಕಿಡಿ ತಡೆಯುವ ಸಣ್ಣ ಜಾಲರಿಯಲ್ಲಿಯೂ ಕಟ್ಟಿಕೊಳ್ಳುತ್ತದೆ. ಅಳತೆ ತಪ್ಪಿ ಆಯಿಲ್ಲು ಸುರಿದರೆ, ಅಥವಾ ಟ್ರ್ಯಾಕ್ಟರಿನ ಆಯಿಲ್ಲನ್ನೇ ಬೆರೆಸಿದರೆ, ಇನ್ನೂ ಬೇಗ ಕಟ್ಟುತ್ತದೆ. ಜಾಲರಿಯ ಕಣ್ಣು ಮುಚ್ಚಿದ ಯಂತ್ರವು ಖಾಲಿ ಓಡುವಾಗ ಚೆನ್ನಾಗಿಯೇ ಇರುತ್ತದೆ; ಮರಕ್ಕೆ ಇಟ್ಟೊಡನೆ ಉಸಿರು ಕಟ್ಟುತ್ತದೆ. ಆ ಅಣ್ಣತಮ್ಮಂದಿರ ಯಂತ್ರಕ್ಕೂ ಹೀಗೆಯೇ ಆಗಿತ್ತು. ಅವರ ಹಳೆಯ ಜಾಲರಿಯನ್ನು ನಾನು ಆ ಮೇಲೆ ಬೆಳಕಿಗೆ ಹಿಡಿದು ನೋಡಿದೆ. ಅರ್ಧಕ್ಕಿಂತ ಹೆಚ್ಚು ಕಣ್ಣುಗಳು ಮುಚ್ಚಿದ್ದವು. ತಂತಿ ಬ್ರಷ್ಷಿನಿಂದ ಹತ್ತು ನಿಮಿಷದಲ್ಲಿ ಆಗುತ್ತಿದ್ದ ಕೆಲಸಕ್ಕೆ ಸಿಲಿಂಡರೇ ಹೋಯಿತು.

ಮಸಿ ತೆಗೆಯುವ ಕ್ರಮ ಹೀಗಿದೆ. ಯಂತ್ರವು ಪೂರ್ತಿ ತಣ್ಣಗಾಗಲಿ. ಪ್ಲಗ್ಗಿನ ಟೊಪ್ಪಿಗೆಯನ್ನು ಕಿತ್ತಿಡಿರಿ. ಸೈಲೆನ್ಸರಿನ ನಟ್ಟುಗಳನ್ನು ಬಿಚ್ಚಿ, ಜಾಲರಿಯನ್ನು ಹೊರತೆಗೆದು ತಂತಿ ಬ್ರಷ್ಷಿನಿಂದ ಉಜ್ಜಿರಿ; ಕಣ್ಣು ಹರಿದಿದ್ದರೆ ಹೊಸದನ್ನು ಹಾಕಿರಿ. ಅನಂತರ ಹಗ್ಗವನ್ನು ಮೆಲ್ಲಗೆ ಎಳೆದು ಪಿಸ್ಟನ್ನನ್ನು ಮೇಲಕ್ಕೆ ತಂದು, ಹೊಗೆಯ ಕಿಂಡಿ ಪಿಸ್ಟನ್ನಿನ ಮೈಯಿಂದ ಮುಚ್ಚಿಕೊಳ್ಳುವಂತೆ ಮಾಡಿರಿ. ಹೀಗೆ ಮಾಡದಿದ್ದರೆ ಕೆರೆದ ಮಸಿ ಸಿಲಿಂಡರಿನೊಳಗೆ ಬೀಳುತ್ತದೆ. ಕಿಂಡಿಯ ಮಸಿಯನ್ನು ಮರದ ಚೂಪು ಕಡ್ಡಿಯಿಂದ ಕೆರೆಯಬೇಕು. ಸ್ಕ್ರೂಡ್ರೈವರು ತಾಗಿದರೆ ಪಿಸ್ಟನ್ನಿಗೆ ಗಾಯವಾಗುತ್ತದೆ. ತಿರುಗಿ ಕೂಡಿಸುವಾಗ ನಡುವಿನ ಗ್ಯಾಸ್ಕೆಟ್ ಸರಿಯಾಗಿದೆಯೆ ನೋಡಿರಿ. ಒಂದು ಟ್ಯಾಂಕು ಓಡಿಸಿ, ತಣ್ಣಗಾದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು, ಕಾವಿಗೆ ಅವು ಸಡಿಲುತ್ತವೆ.

ಏರ್ ಫಿಲ್ಟರಿನ ಧೂಳನ್ನೂ ಅದೇ ಹೊತ್ತಿಗೆ ತೆಗೆದುಬಿಡಿರಿ. ನಮ್ಮ ಎರೆಹೊಲದ ಧೂಳು ಬಲು ನುಣುಪು.

ಹಲ್ಲು ಮೊಂಡಾಗಿದ್ದರೆ

ಬಲ ಕುಗ್ಗಿತೆಂದು ತಂದ ಯಂತ್ರಗಳಲ್ಲಿ ಎಷ್ಟೋ ಸಲ ಎಂಜಿನ್ನಿನ ತಪ್ಪೇ ಇರುವುದಿಲ್ಲ; ಚೈನಿನ ಹಲ್ಲು ಮೊಂಡಾಗಿರುತ್ತದೆ. ಬಳ್ಳಾರಿ ಜಾಲಿಯ ಮರವು ಗಟ್ಟಿ. ಅದರ ಬುಡದ ತೊಗಟೆಯಲ್ಲಿ ಗಾಳಿಗೆ ಹಾರಿ ಬಂದ ಮಣ್ಣು ಮರಳು ಸೇರಿರುತ್ತವೆ. ಬುಡಕ್ಕೆ ತೀರ ಹತ್ತಿ ಕೊಯ್ಯುವಾಗ ಚೈನು ಒಂದೇ ಒಂದು ಸಲ ನೆಲಕ್ಕೆ ತಾಗಿದರೂ ಸಾಕು, ಅಲಗು ಹೋಯಿತು. ಈ ಗಿಡ ನೆಲಮಟ್ಟಕ್ಕೆ ಕೊಯ್ದರೆ ಮತ್ತೆ ಚಿಗುರುತ್ತದೆಯಾದ್ದರಿಂದ ಬೊಡ್ಡೆಯನ್ನು ಬೇರು ಸಮೇತ ಕೀಳಲೇಬೇಕು. ಆ ಕೆಲಸವನ್ನು ಗುದ್ದಲಿ ಕೊಡಲಿಗೆ ಬಿಡಿರಿ. ಮಣ್ಣಿನೊಳಗಿನ ಬೇರಿಗೆ ಯಂತ್ರವನ್ನು ಹಚ್ಚಬೇಡಿರಿ.

ಅಲಗು ಹೋಗಿದೆಯೆಂಬುದನ್ನು ಅರಿಯಲು ಕೆಳಗೆ ಬೀಳುವುದನ್ನು ನೋಡಿದರೆ ಸಾಕು. ಹರಿತವಾದ ಹಲ್ಲು ಚಕ್ಕೆ ಉದುರಿಸುತ್ತದೆ, ಮೊಂಡ ಹಲ್ಲು ಹಿಟ್ಟು ಉದುರಿಸುತ್ತದೆ. ಯಂತ್ರವು ತಾನೇ ಮರದೊಳಗೆ ಇಳಿಯಬೇಕು. ನೀವು ಮೈಭಾರ ಹಾಕಿ ಒತ್ತಬೇಕಾಗಿ ಬಂದರೆ ಹಲ್ಲು ಮೊಂಡಾಗಿದೆಯೆಂದೇ ತಿಳಿಯಿರಿ.

ಈ ಹಲ್ಲಿನ ಹಿಂದೆ ಒಂದು ಸ್ವಾರಸ್ಯದ ಸಂಗತಿಯಿದೆ. 1946ರಲ್ಲಿ ಅಮೇರಿಕೆಯ ಆರೆಗಾನ್ ರಾಜ್ಯದಲ್ಲಿ ಮರ ಕಡಿಯುವ ಕೆಲಸದಲ್ಲಿದ್ದ ಜೋಸೆಫ್ ಕಾಕ್ಸ್ ಎಂಬವರು, ದುಂಬಿಯ ಮರಿಹುಳುವೊಂದು ಗಟ್ಟಿ ಕೊರಡನ್ನು ಸರಾಗವಾಗಿ ಕೊರೆಯುವುದನ್ನು ಕಂಡರು. ಆ ಹುಳು ದವಡೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸುತ್ತಿತ್ತು. ಮರುವರ್ಷ ಅವರು ಅದೇ ರೀತಿಯಲ್ಲಿ ಒಂದು ಹಲ್ಲು ಎಡಕ್ಕೆ ಒಂದು ಹಲ್ಲು ಬಲಕ್ಕೆ ಕೊಯ್ಯುವ ಚೈನನ್ನು ತಯಾರಿಸಿ ಮಾರತೊಡಗಿದರು. ಇಂದಿನ ಚೈನುಗಳು ಅದೇ ವಂಶದವು. ಆದುದರಿಂದಲೇ ಎರಡೂ ಕಡೆಯ ಹಲ್ಲುಗಳನ್ನು ಸಮನಾಗಿ ಮಸೆಯಬೇಕು. ಒಂದು ಕಡೆ ಹೆಚ್ಚು ಮಸೆದರೆ ಕೊಯ್ತವು ಓರೆಯಾಗಿ ಹೋಗುತ್ತದೆ.

ಮಸೆಯಲು ದುಂಡನೆಯ ಅರವೇ ಬೇಕು, ಅದೂ ಚೈನಿಗೆ ತಕ್ಕ ಗಾತ್ರದ್ದು. .325 ಎಂದು ಹೆಸರಾದ ಚೈನಿಗೆ 4.8 ಮಿಲಿಮೀಟರಿನ ಅರ. ಸಣ್ಣ ಯಂತ್ರಗಳ ತೆಳು ಚೈನಿಗೆ 4 ಮಿಲಿಮೀಟರಿನದು. ನಿಮ್ಮದು ಯಾವುದೆಂಬುದು ಕೈಪಿಡಿಯಲ್ಲಿರುತ್ತದೆ. ಅರವನ್ನು ಹಲ್ಲಿನ ಒಳಗಿನಿಂದ ಹೊರಕ್ಕೆ, ಒಂದೇ ದಿಕ್ಕಿಗೆ ತಳ್ಳಿರಿ. ಹಿಂದಕ್ಕೆ ಎಳೆಯುವಾಗ ಎತ್ತಿಬಿಡಿರಿ. ಜಾಲಿ ಕೊಯ್ಯುವವರು ಪೆಟ್ರೋಲು ತುಂಬುವ ಪ್ರತಿ ಸಲವೂ ಹಲ್ಲಿಗೆ ಎರಡು ಮೂರು ಎಳೆ ಕೊಟ್ಟರೆ ಸಾಕು. ಸಂಜೆಯವರೆಗೆ ತಡೆದು ಮೂವತ್ತು ಎಳೆ ಕೊಡುವುದಕ್ಕಿಂತ ಇದು ಲೇಸು.

ತೂತು ಕೊರೆದಾಗ ಒಳಗೆ ಆಗುವುದೇನು

ಇಷ್ಟೆಲ್ಲ ಮಾಡಿಯೂ ಹೆಚ್ಚಿನ ಬಲ ಬೇಕೆನ್ನುವವರು ಇದ್ದೇ ಇರುತ್ತಾರೆ. ಅವರು ಈ ಭಾಗವನ್ನು ನಿಧಾನವಾಗಿ ಓದಬೇಕು.

ಹೊಗೆಬಾಯಿ ದೊಡ್ಡದಾದಾಗ ಎಂಜಿನ್ನು ಹೆಚ್ಚು ಗಾಳಿಯನ್ನು ಎಳೆದುಕೊಳ್ಳುತ್ತದೆ. ಆದರೆ ಕಾರ್ಬುರೇಟರಿನ ತಿರುಪನ್ನು ತಯಾರಕರು ಹಳೆಯ ಗಾಳಿಯ ಲೆಕ್ಕಕ್ಕೆ ಕೂಡಿಸಿರುತ್ತಾರೆ. ಗಾಳಿ ಹೆಚ್ಚಿ ಪೆಟ್ರೋಲು ಅದಕ್ಕೆ ತಕ್ಕಷ್ಟು ಹೆಚ್ಚದಿದ್ದರೆ ಮಿಶ್ರಣದಲ್ಲಿ ಪೆಟ್ರೋಲು ಸಾಲದಾಗುತ್ತದೆ. ಅಂಥ ಮಿಶ್ರಣದಿಂದ ಎಂಜಿನ್ನಿಗೆ ಕಾವು ಏರುತ್ತದೆ, ಸುತ್ತು ಏರುತ್ತದೆ. ಕೇಳುವ ಕಿವಿಗೆ ಬಲ ಬಂದಂತೆಯೇ ಇರುತ್ತದೆ! ಈ ಯಂತ್ರದೊಳಗೆ ಆಯಿಲ್ಲಿಗೆ ಬೇರೆ ದಾರಿಯಿಲ್ಲ. ಪೆಟ್ರೋಲಿನಲ್ಲಿ ಬೆರೆತು ಬಂದಷ್ಟೇ ಬರಬೇಕು. ಪೆಟ್ರೋಲು ಸಾಲದಾದಾಗ ಆಯಿಲ್ಲೂ ಸಾಲದಾಗುತ್ತದೆ. ಕಾವಿಗೆ ಪಿಸ್ಟನ್ನು ಹಿಗ್ಗುತ್ತದೆ, ನಡುವಿನ ಆಯಿಲ್ಲಿನ ಪೊರೆ ಒಣಗುತ್ತದೆ, ಲೋಹಕ್ಕೆ ಲೋಹ ಉಜ್ಜಿ ಹಿಡಿದುಕೊಳ್ಳುತ್ತದೆ. ಇದನ್ನೇ ಮೆಕ್ಯಾನಿಕರು ಸೀಜ್ ಆಯಿತೆನ್ನುವುದು.

“ಹಂಗಾದ್ರ ಆಯಿಲ್ ಒಂದೀಟು ಜಾಸ್ತಿ ಹಾಕಿಬಿಟ್ರ ಆತಲ್ರಿ?” ಎಂದು ಮಾನ್ವಿಯ ಕಡೆಯ ಹಿರಿಯರೊಬ್ಬರು ಕೇಳಿದರು. ಕೇಳಲಿಕ್ಕೆ ಸರಿಯಾಗಿಯೇ ಇದೆ, ಆದರೆ ಆಗುವುದು ಅದರ ವಿರುದ್ಧ. ತಿರುಪಿನ ಕಿಂಡಿಯಲ್ಲಿ ಹರಿಯುವ ದ್ರವ ಇಷ್ಟೇ ಎಂದಿರುವಾಗ, ಆಯಿಲ್ಲಿನ ಪಾಲು ಹೆಚ್ಚಿದಷ್ಟೂ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ. ಮೇಲೆ ಮಸಿ ಬೇರೆ. ಆಯಿಲ್ಲು ಕೈಪಿಡಿ ಹೇಳಿದಷ್ಟೇ ಇರಲಿ. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರು, 25ಕ್ಕೆ 1 ಎಂದಿದ್ದರೆ 40 ಮಿಲಿಲೀಟರು. ಬಾಟಲಿಯ ಮುಚ್ಚಳದ ಲೆಕ್ಕ ಬೇಡ. ಔಷಧಿ ಅಂಗಡಿಯಲ್ಲಿ ಸಿಗುವ ಅಳತೆಯ ಗುರುತಿನ ಸಿರಿಂಜು ತಂದಿಟ್ಟುಕೊಳ್ಳಿರಿ.

ಇದಕ್ಕೆ ಈಚೆಗೆ ಇನ್ನೊಂದು ಸೇರಿದೆ. 2025ರ ವೇಳೆಗೆ ನಮ್ಮ ದೇಶದ ಬಂಕುಗಳ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ನೂರಕ್ಕೆ 20ರ ಮಟ್ಟಕ್ಕೆ ಬಂದಿತು. ಒಂದು ಕಿಲೋ ಬರಿಯ ಪೆಟ್ರೋಲು ಪೂರ್ತಿ ಸುಡಲು ಸುಮಾರು 14.7 ಕಿಲೋ ಗಾಳಿ ಬೇಕು. 20 ಪಾಲು ಎಥನಾಲು ಬೆರೆತುದಕ್ಕೆ ಸುಮಾರು 13.5 ಕಿಲೋ ಸಾಕು. ಅಂದರೆ ಹಳೆಯ ಪೆಟ್ರೋಲಿಗೆಂದು ತಿರುಪು ಕೂಡಿಸಿದ ಯಂತ್ರದಲ್ಲಿ, ನೀವು ಏನೂ ಮಾಡದೆಯೇ, ಮಿಶ್ರಣವು ಗಾಳಿಯ ಕಡೆಗೆ ವಾಲಿರುತ್ತದೆ. ಅದರ ಮೇಲೆ ಸೈಲೆನ್ಸರಿಗೆ ತೂತನ್ನೂ ಕೊರೆದರೆ ಪಿಸ್ಟನ್ನಿಗೆ ಎರಡು ಕಡೆಯಿಂದ ಬೆಂಕಿ ಇಟ್ಟಂತೆ. ಆ ಅಣ್ಣತಮ್ಮಂದಿರ ಯಂತ್ರ ನಾಲ್ಕೇ ದಿನಕ್ಕೆ ನಿಂತುದರಲ್ಲಿ ಇದರ ಪಾಲೂ ಇದ್ದೀತೆಂದು ನನ್ನ ಎಣಿಕೆ. ನಿಮ್ಮ ಯಂತ್ರಕ್ಕೆ ಎಷ್ಟು ಎಥನಾಲಿನವರೆಗೆ ಆಗಬಹುದೆಂದು ಕೈಪಿಡಿಯಲ್ಲಿ ನೋಡಿರಿ. ಎಥನಾಲು ನೀರಿನ ಪಸೆಯನ್ನು ಹೀರುತ್ತದೆ. ನೀರು ಹೆಚ್ಚಾದರೆ ಎರಡೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಮಳೆಗಾಲದಲ್ಲಿ ಯಂತ್ರವನ್ನು ಮೂಲೆಗಿಡುವಾಗ ಟ್ಯಾಂಕಿನಲ್ಲಿ ಹಳೆಯ ಮಿಶ್ರಣವನ್ನು ಬಿಡಬೇಡಿರಿ.

ಆದುದರಿಂದ ಹೊಗೆಬಾಯಿಯನ್ನು ಹಿಗ್ಗಿಸಿದವನು ಅದೇ ದಿನ, ಮರಕ್ಕೆ ಇಡುವ ಮೊದಲೇ, ಕಾರ್ಬುರೇಟರನ್ನು ಸರಿಪಡಿಸಿಕೊಳ್ಳಲೇಬೇಕು. ಎಚ್ ಎಂಬ ಗುರುತಿನ ತಿರುಪನ್ನು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುವಿದರೆ ಪೆಟ್ರೋಲು ಹೆಚ್ಚುತ್ತದೆ. ಒಂದು ಸಲಕ್ಕೆ ಅರೆಕಾಲು ಸುತ್ತಿಗಿಂತ ಹೆಚ್ಚು ಬೇಡ. ಎಂಜಿನ್ನು ಕಾದಿರಬೇಕು, ಫಿಲ್ಟರು ಚೊಕ್ಕಟವಾಗಿರಬೇಕು. ಪೂರ್ತಿ ಆಕ್ಸಿಲರೇಟರು ಕೊಟ್ಟಾಗ, ಮರಕ್ಕೆ ಇಡದೆ ಹಿಡಿದ ಯಂತ್ರದ ದನಿಯು ಸ್ವಲ್ಪ ಬಿಕ್ಕಿದಂತೆ, ಗಂಟಲು ಕಟ್ಟಿದಂತೆ ಇರಬೇಕು. ಮರಕ್ಕೆ ಇಟ್ಟೊಡನೆ ಆ ಬಿಕ್ಕು ಹೋಗಿ ದನಿ ತಿಳಿಯಾಗಬೇಕು. ಖಾಲಿ ಇರುವಾಗಲೇ ಸೊಳ್ಳೆಯಂತೆ ಕೀರಲು ದನಿ ಬಂದರೆ ಪೆಟ್ರೋಲು ಸಾಲದು, ಕೂಡಲೇ ಬಿಟ್ಟುಬಿಡಿರಿ. ಈ ಪರೀಕ್ಷೆಯೂ ಒಂದೆರಡು ಕ್ಷಣದ್ದಾಗಿರಲಿ, ಹೊರೆಯಿಲ್ಲದೆ ಹೆಚ್ಚು ಹೊತ್ತು ಪೂರ್ತಿ ಓಡಿಸಬಾರದು. ಆದರೆ ಸುತ್ತು ಮಿತಿ ಮೀರದಂತೆ ಕಿಡಿಯನ್ನೇ ತಡೆಯುವ ಯಂತ್ರಗಳೂ ಇವೆ. ಅವುಗಳಲ್ಲಿ ಆ ತಡೆಯ ಸದ್ದೂ ಬಿಕ್ಕಿನಂತೆಯೇ ಕೇಳಿಸಿ ಕಿವಿ ಮೋಸ ಹೋಗುತ್ತದೆ. ಸುತ್ತು ಎಣಿಸುವ ಮೀಟರು ಇರುವವರಿಂದ, ಕೈಪಿಡಿಯಲ್ಲಿ ಕೊಟ್ಟ ಸಂಖ್ಯೆ ಮೀರದಂತೆ ಕೂಡಿಸಿಕೊಳ್ಳುವುದೇ ಸರಿ. ಮೀಟರು ಇಲ್ಲದ ಕಡೆ ತೂತೂ ಬೇಡವೆಂಬುದು ನನ್ನ ಅಭಿಪ್ರಾಯ.

ಮಧ್ಯಾಹ್ನದ ಕಾದ ಗಾಳಿಯಲ್ಲಿ ಕೂಡಿಸಿದ ತಿರುಪು ಚಳಿಗಾಲದ ಮುಂಜಾನೆಗೆ ಹೊಂದುವುದಿಲ್ಲ. ತಂಪು ಗಾಳಿ ಸಾಂದ್ರವಾದುದರಿಂದ ಮತ್ತೆ ಪೆಟ್ರೋಲು ಸಾಲದಾಗುತ್ತದೆ. ಕೆಲವು ಯಂತ್ರಗಳ ತಿರುಪಿಗೆ ಹೆಚ್ಚು ತಿರುಗದಂತೆ ಟೊಪ್ಪಿಗೆ ಹಾಕಿರುತ್ತಾರೆ. ಕೆಲವು ಹೊಸ ಯಂತ್ರಗಳು ಮಿಶ್ರಣವನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಅವುಗಳಲ್ಲಿ ತಿರುಪೇ ಇರುವುದಿಲ್ಲ. ತೂತು ಕೊರೆದ ಯಂತ್ರಕ್ಕೆ ತಯಾರಕರ ಗ್ಯಾರಂಟಿ ಉಳಿಯುವುದಿಲ್ಲವೆಂಬುದನ್ನೂ ನೆನಪಿಡಿರಿ.

ಕೊರೆದ ಮೇಲೆ ಸೈಲೆನ್ಸರಿನೊಳಗೆ ಲೋಹದ ಚೂರು ಒಂದೂ ಉಳಿಯಬಾರದು. ಹೊಗೆಯು ಹೊರಕ್ಕೆ ಮಾತ್ರ ಹೋಗುವುದಿಲ್ಲ, ಅದರ ಅಲೆಯು ಹಿಂದಕ್ಕೂ ಹೊಡೆಯುತ್ತದೆ. ಆ ಚೂರು ಸಿಲಿಂಡರಿಗೆ ಹೋದರೆ ಕಥೆ ಮುಗಿಯಿತು. ತೂತಿನ ಬಾಯಿ ಕೈಯ ಕಡೆಗಾಗಲಿ, ಪ್ಲಾಸ್ಟಿಕ್ಕಿನ ಹೊದಿಕೆಯ ಕಡೆಗಾಗಲಿ, ಟ್ಯಾಂಕಿನ ಕಡೆಗಾಗಲಿ ಇರಕೂಡದು.

ಕಿವಿಯೂ ಬಣವೆಯೂ

ಏನೂ ಮಾಡದ ಗರಗಸ ಯಂತ್ರದ ಸದ್ದೇ ಹಿಡಿದವನ ಕಿವಿಗೆ 100 ಡೆಸಿಬಲ್‌ಗೆ ಮೇಲ್ಪಟ್ಟು ಇರುತ್ತದೆ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಕೆಲಸ ಮಾಡಬಹುದೆಂದು ತಜ್ಞರು ಹೇಳುತ್ತಾರೆ. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬಲ್‌ಗೆ ಆ ವೇಳೆ ಅರ್ಧವಾಗುತ್ತ ಹೋಗಿ, 100ಕ್ಕೆ ಬಂದಾಗ ಕೇವಲ 15 ನಿಮಿಷ ಉಳಿಯುತ್ತದೆ. ತೂತು ಕೊರೆದ ಮೇಲೆ ಕೇಳುವುದೇ ಬೇಡ. ನಮ್ಮ ಹೊಲದ ಹತ್ತಿಯನ್ನೇ ಉಂಡೆ ಮಾಡಿ ಕಿವಿಗೆ ತುರುಕಿದರೆ ಸಾಲದು. ಕಿವಿ ಪೂರ್ತಿ ಮುಚ್ಚುವ ಮುಚ್ಚಳವೇ ಬೇಕು. ಹೋದ ಕಿವಿ ತಿರುಗಿ ಬರುವುದಿಲ್ಲ. ಮರ ವಾಲುವಾಗ ಜೊತೆಗಾರನು “ಸರೀರಿ!” ಎಂದು ಕೂಗಿದ್ದು ಕೇಳದಿದ್ದರೆ ಇನ್ನೂ ಕಷ್ಟ, ಕೈಸನ್ನೆಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಿರಿ.

ಜಾಲರಿಯನ್ನು ಕಿತ್ತೆಸೆದ ಯಂತ್ರದಿಂದ ಮಸಿಯ ಕೆಂಡಗಳು ಹಾರಬಹುದು. ನಾವು ಜಾಲಿ ಕಡಿಯುವುದು ಬೇಸಿಗೆಯಲ್ಲಿ. ಆಗ ಸುತ್ತಲೂ ಇರುವುದು ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಜೋಳದ ಕೂಳೆ, ವರ್ಷದ ಮೇವಿನ ಬಣವೆ. ಕಾದ ಯಂತ್ರವನ್ನು ಒಣಹುಲ್ಲಿನ ಮೇಲೆ ಇಡಬೇಡಿರಿ. ಆರಿದ ಮೇಲೆಯೇ ಪೆಟ್ರೋಲು ತುಂಬಿರಿ. ತುಂಬಿದ ಜಾಗದಿಂದ ಐದಾರು ಹೆಜ್ಜೆ ದೂರ ಹೋಗಿ ಹಗ್ಗ ಎಳೆಯಿರಿ. ಒಂದು ಕೊಡ ನೀರು ಹತ್ತಿರವಿರಲಿ.

ಅಣ್ಣತಮ್ಮಂದಿರ ಯಂತ್ರಕ್ಕೆ ಈಗ ಹೊಸ ಸೈಲೆನ್ಸರು ಬಂದಿದೆ, ಜಾಲರಿ ಸಮೇತ. ಅಣ್ಣನು ಪೆಟ್ರೋಲಿನ ಡಬ್ಬಿಯ ಹಿಡಿಕೆಗೆ ಅರವನ್ನೂ ತಂತಿ ಬ್ರಷ್ಷನ್ನೂ ದಾರದಿಂದ ಕಟ್ಟಿಕೊಂಡಿದ್ದಾನೆ. ಮೊನ್ನೆ ಹೋದಾಗ ಹಳೆಯ ಪಿಸ್ಟನ್ನನ್ನು ಕೇಳಿ ತಂದಿದ್ದೇನೆ. ಗೀರು ಬಿದ್ದ ಮಗ್ಗುಲನ್ನು ಕಣ್ಣಾರೆ ನೋಡಬೇಕೆನ್ನುವವರು, ಚೈನು ಮಸೆಯುವುದನ್ನು ಕಲಿಯಬೇಕೆನ್ನುವವರು, ದೇವದುರ್ಗದ ಸಂತೆಗೆ ಬರುವ ದಿನ ತಮ್ಮ ಯಂತ್ರವನ್ನೂ ಜೊತೆಗೆ ತಂದು ನನ್ನನ್ನು ಕಾಣಬಹುದು. ಟ್ಯಾಂಕು ಖಾಲಿ ಇರಲಿ, ಕೈಪಿಡಿ ಇದ್ದರೆ ಅದನ್ನೂ ತನ್ನಿರಿ.